ಟೀಗಿಂತ ಮುಂಚೆ ಸುದ್ದಿ

ಟೀ ಗ್ಲಾಸು ನನ್ನ ಕೈಲಿತ್ತು. ಪಕ್ಕದಲ್ಲೇ ನನ್ನ ಗೆಳೆಯನ ಆಟೋ ಸ್ಟಾರ್ಟ್ ಆಯ್ತು. ಹಿಂದಿನ ಸೀಟಲ್ಲಿ ಅಂಕಲ್ ಕೂತಿದ್ರು, ತೊಡೆ ಮೇಲೆ ಆಸ್ಪತ್ರೆ ಫೈಲು, ಪಕ್ಕದಲ್ಲಿ ನೀರಿನ ಬಾಟ್ಲು. ಹ್ಯಾಂಡಲ್ ಹತ್ರ ಸ್ಕ್ರೀನು ಹಸಿರಾಗಿ ಹೊಳೀತಾ ಇತ್ತು.

"ತಿಲಕ್ ನಗರ ರೋಡ್ ಕ್ಲಿಯರ್ ತೋರಿಸ್ತಾ ಇದೆ ಅಂಕಲ್. ಹತ್ತೂ ಮುಕ್ಕಾಲಿಗೆಲ್ಲ ಬಿಟ್ಬಿಡ್ತೀನಿ" ಅಂದ. ಅಂದ್ಬಿಟ್ಟು ನನ್ನ ಕಡೆ ತಿರುಗಿ ಹುಬ್ಬು ಎತ್ತಿದ. ಏನಾದ್ರೂ ಇದ್ಯಾ ಅಂತ.

ಇತ್ತು. ತಿಲಕ್ ನಗರದ ರೋಡ್ ಅಗೀತಾ ಇದ್ರು. ಕಾಲು ಗಂಟೆ ಮುಂಚೆ ನಾನು ಆ ಕಡೆಯಿಂದಾನೇ ಬಂದಿದ್ದೆ. ಜೆಸಿಬಿ ರೋಡಿಗೆ ಅಡ್ಡ ನಿಂತಿತ್ತು, ಪೈಪುಗಳು ಫುಟ್‌ಪಾತ್ ಮೇಲೆ ಬಿದ್ದಿದ್ವು, ಒಂದು ನೀರಿನ ಟ್ಯಾಂಕರ್ ಆಗ್ಲೇ ಸಿಕ್ಕಾಕ್ಕೊಂಡಿತ್ತು. ನಾನು ಹೆಂಗೋ ಸಂದೀಲಿ ನುಗ್ಗಿಸ್ಕೊಂಡು ಬಂದಿದ್ದೆ.

ನಾನು ಬಾಯಿ ಬಿಡ್ಲಿಲ್ಲ. ಒಂದು ಗುಟುಕು ಟೀ ಕುಡ್ದೆ. ಅವನು ಗೇರ್ ಹಾಕ್ಕೊಂಡು ಹೊರಟ.

ಟೀ ಕುಡ್ಯೋದ್ರಲ್ಲಿ ಏನು ತಪ್ಪು ಅಂತ ಕೇಳ್ಬಹುದು. ನಮ್ಮ ಸ್ಟ್ಯಾಂಡಲ್ಲಿ ತಪ್ಪು. ಅದನ್ನ ಮೊದ್ಲು ಹೇಳ್ಬಿಡ್ತೀನಿ.

ನಮ್ಮ ಸ್ಟ್ಯಾಂಡು ತ್ಯಾಗರಾಜನಗರದಲ್ಲಿದೆ. ಹನ್ನೊಂದು ಆಟೋ, ಒಂದು ಹೊಂಗೆ ಮರ, ಮರದ ಕೆಳಗೆ ಟೀ ಅಕ್ಕನ ತಳ್ಳೋ ಗಾಡಿ. ನಮ್ಮಲ್ಲಿ ಒಂದು ರೂಲ್ ಇದೆ. ಟ್ರಿಪ್ ಮುಗಿಸ್ಕೊಂಡು ಬಂದೋನು ಮೊದ್ಲು ರೋಡಲ್ಲಿ ಏನು ನೋಡ್ದ ಅಂತ ಹೇಳ್ಬೇಕು. ಆಮೇಲೆ ಟೀ. ಎಲ್ಲಿ ಅಗ್ದಿದಾರೆ, ಎಲ್ಲಿ ನೀರು ನಿಂತಿದೆ, ಎಲ್ಲಿ ಮೆರವಣಿಗೆ, ಎಲ್ಲಿ ಕೊಂಬೆ ಬಿದ್ದಿದೆ. ಹೇಳ್ದೇ ಗ್ಲಾಸಿಗೆ ಕೈ ಹಾಕಿದ್ರೆ ಅಕ್ಕ ಕೊಡಲ್ಲ. "ಸುದ್ದಿ ಹಾಕು, ಟೀ ತಗೋ" ಅಂತಾಳೆ. ಏನೂ ನೋಡಿಲ್ಲ ಅಂದ್ರೆ ಸುಮ್ನೆ ಗ್ಲಾಸು ತಗೋಬಹುದು. ಅಂದ್ರೆ ಟೀ ತಗೊಂಡ ಅಂದ್ರೆ ರೋಡ್ ಸರಿಯಾಗಿದೆ ಅಂತ ಅರ್ಥ. ಬಾಯಲ್ಲಿ ಹೇಳ್ಬೇಕಾಗಿಲ್ಲ.

ಹಂಗಾಗಿ ನಾನು ಅವತ್ತು ಕುಡ್ದಿದ್ದು ಟೀ ಅಲ್ಲ, ಸುಳ್ಳು.

ಈ ರೂಲ್ ಮಾಡಿದ್ದೂ ನಾನೇ. ಅದಿನ್ನೂ ಮಜಾ.

ನಾನು ಏಳನೇ ಕ್ಲಾಸಿಗೆ ಸ್ಕೂಲ್ ಬಿಟ್ಟೆ. ಕನ್ನಡ ನಿಧಾನಕ್ಕೆ ಓದ್ತೀನಿ, ಬರೀತೀನಿ. ಇಂಗ್ಲಿಷ್ ಬೋರ್ಡು ನೋಡಿದ್ರೆ ಕಲರ್ ಮೇಲೆ ಗುರುತು ಹಿಡೀತೀನಿ. ಆದ್ರೆ ರೋಡ್ ವಿಷ್ಯದಲ್ಲಿ ನನ್ನ ತಲೆ ಕೆಲ್ಸ ಮಾಡತ್ತೆ. ಒಂದ್ಸಲ ಹೋದ ಗಲ್ಲಿ ಮರೆಯಲ್ಲ. ಬನಶಂಕರಿಯಿಂದ ಬಿಟಿಎಂವರೆಗೆ ಯಾವ ಕ್ರಾಸಲ್ಲಿ ಹಂಪ್ ಇದೆ, ಯಾವ ಮನೆಯೋರು ರೋಡಿಗೆ ಅಡ್ಡ ಶಾಮಿಯಾನ ಹಾಕಿದಾರೆ, ಎಲ್ಲಾ ಹೇಳ್ತೀನಿ. ನನ್ನ ತಂಗಿದು ಒಂದು ಹಳೇ ಸ್ಲೇಟು ಮನೇಲಿ ಬಿದ್ದಿತ್ತು, ಮರದ ಕಟ್ಟಿಂದು. ತಂದು ಮರಕ್ಕೆ ಮೊಳೆ ಹೊಡ್ದು ನೇತಾಕ್ದೆ. ಯಾರು ಏನು ಸುದ್ದಿ ತಂದ್ರೂ ನಾನೇ ಅದ್ರಲ್ಲಿ ಬರೀತಿದ್ದೆ. ಎಂಟೇ ಲೈನ್ ಹಿಡ್ಸೋದು. ಒಂಬತ್ತನೇ ಸುದ್ದಿ ಬಂತು ಅಂದ್ರೆ ಒಂದು ಅಳಿಸ್ಬೇಕು. ಯಾವ್ದು ಅಳಿಸ್ಬೇಕು ಅನ್ನೋದು ನನ್ನ ಲೆಕ್ಕ. ಮೆರವಣಿಗೆ ಒಂದು ಗಂಟೆ. ನಿಂತಿರೋ ನೀರು ಅರ್ಧ ದಿನ. ಬಿದ್ದಿರೋ ಕೊಂಬೆ, ಯಾರಾದ್ರೂ ಸೌದೆಗೆ ಎತ್ಕೊಂಡು ಹೋಗೋವರ್ಗೂ. ಪೈಪ್ ಕೆಲ್ಸ ಮಾತ್ರ ಮಣ್ಣಿನ ಗುಡ್ಡೆ ಎತ್ತೋವರ್ಗೂ ಅಳಿಸಲ್ಲ. ಗುಂಡಿ ಮುಚ್ಚಿದ್ರೂ ಗುಡ್ಡೆ ಇದೆ ಅಂದ್ರೆ ಅವ್ರು ವಾಪಸ್ ಬರ್ತಾರೆ ಅಂತ. ನೂರು ಸಲ ನೋಡಿದೀನಿ.

ಅಂಕಲ್ ನನ್ನ ಗಿರಾಕಿ. ಎರಡೂವರೆ ವರ್ಷದಿಂದ. ರಿಟೈರ್ ಆಗಿರೋ ಬ್ಯಾಂಕಿನೋರು, ಸ್ಟ್ಯಾಂಡಿಂದ ಎರಡು ಮನೆ ದಾಟಿದ್ರೆ ಅವ್ರ ಮನೆ. ಕಿಡ್ನಿ ಕೈ ಕೊಟ್ಟಿದೆ. ಸೋಮವಾರ, ಬುಧವಾರ, ಶುಕ್ರವಾರ ಬಿಟಿಎಂ ಕಡೆ ಒಂದು ಆಸ್ಪತ್ರೆಗೆ ಡಯಾಲಿಸಿಸ್‌ಗೆ ಹೋಗ್ಬೇಕು. ಹನ್ನೊಂದಕ್ಕೆ ಮಿಷಿನ್ ಅವ್ರಿಗೆ. ಲೇಟಾದ್ರೆ ಮುಂದಿನ ಪೇಷೆಂಟಿಗೆ ಕೊಟ್ಬಿಡ್ತಾರೆ, ಆಮೇಲೆ ಮಧ್ಯಾಹ್ನದ ಶಿಫ್ಟ್‌ವರ್ಗೂ ಕಾಯ್ಬೇಕು. ಎರಡೂವರೆ ವರ್ಷದಲ್ಲಿ ನಾನು ಒಂದು ದಿನಾನೂ ಮಿಷಿನ್ ತಪ್ಪಿಸಿಲ್ಲ.

ಅವ್ರು ಹತ್ತೋಕೆ ಮುಂಚೆ ಸ್ಲೇಟ್ ಮುಂದೆ ನಿಂತ್ಕೊಂಡು ಓದ್ತಿದ್ರು. ಜೋರಾಗಿ, ಪೇಪರ್ ಓದಿದಂಗೆ. "ಏನಪ್ಪಾ, ಇವತ್ತು ಏಳು ಲೈನಾ? ಊರೆಲ್ಲಾ ಅಗ್ದುಬಿಟ್ರಾ? ಹಂಗಾದ್ರೆ ಯಾವ ಕಡೆ ಕರ್ಕೊಂಡು ಹೋಗ್ತೀಯಾ ನನ್ನ?" ಅನ್ನೋರು. ನಾನು ಹೇಳ್ತಿದ್ದೆ, ಇವತ್ತು ಜಯನಗರ ನೈನ್ತ್ ಬ್ಲಾಕ್ ಮೇಲೆ ಅಂಕಲ್, ಇವತ್ತು ತಿಲಕ್ ನಗರ ಅಂಕಲ್. ಸುತ್ತಲೂ ನಿಂತಿರೋ ಡ್ರೈವರ್‌ಗಳಿಗೆ ಕೇಳ್ಸೋ ಹಾಗೆ "ನಮ್ ಹುಡ್ಗ ಹೇಳಿದ್ಮೇಲೆ ಮುಗೀತು" ಅಂತಿದ್ರು. ನಂಗೆ ಅಷ್ಟು ಸಾಕಾಗಿತ್ತು. ನಿಜ ಹೇಳ್ತೀನಿ, ಮನೇಲಿ ನಮ್ಮಪ್ಪ ಕೂಡ ನನ್ನ ಬಗ್ಗೆ ಹಂಗೆ ಮಾತಾಡಿದ್ದಿಲ್ಲ.

ಈಗ ಅವನ ವಿಷ್ಯ.

ಅವನೂ ನಾನೂ ಕತ್ರಿಗುಪ್ಪೆ ಹುಡುಗ್ರು. ಒಂದೇ ರೋಡು, ಒಂದೇ ಸ್ಕೂಲು, ಒಂದೇ ಆಟೋದಲ್ಲಿ ಓಡ್ಸೋದು ಕಲ್ತಿದ್ದು. ಅವನು ಎಸ್ಸೆಸ್ಸೆಲ್ಸಿ ಪಾಸು. ನಂಗೆ ಅವನ ಮೇಲೆ ಹೊಟ್ಟೆಕಿಚ್ಚು ಹೊಸದೇನಲ್ಲ. ಅವನ ಅತ್ತೆ ದಿನಾ ಡಬ್ಬಿಗೆ ಮುದ್ದೆ, ಬಸ್ಸಾರು ಕಟ್ಟಿ ಕಳಿಸ್ತಾರೆ, ನಾನು ಪಕ್ಕದಲ್ಲಿ ಕೂತು ಬನ್ ತಿಂತೀನಿ. ಅವನು ಹಾಕೋ ಖಾಕಿ ಶರ್ಟು ಇಸ್ತ್ರಿ ಆಗಿರತ್ತೆ. ಪೊಲೀಸಿನೋರು ಕೂಡ ಅವನ ಹತ್ರ ಮೆತ್ತಗೆ ಮಾತಾಡ್ತಾರೆ. ಅದೆಲ್ಲಾ ನಾನು ತಡ್ಕೊಂಡಿದ್ದೆ. ಯಾಕಂದ್ರೆ ರೋಡ್ ನಂದು. ಅವನೂ ಸ್ಲೇಟ್ ನೋಡ್ಕೊಂಡೇ ಹೊರಡೋನು.

ಆಮೇಲೆ ಮೇಡಂ ಬಂದ್ರು.

ಅವ್ರು ಒಂದು ಕಂಪನಿಯ ಇಂಜಿನಿಯರ್. ಸಣ್ಣ ವಯಸ್ಸು, ಹೆಲ್ಮೆಟ್ ಕೈಲಿ ಹಿಡ್ಕೊಂಡು ಸೀದಾ ಬಂದು ಟೀ ಕೇಳಿದ್ರು. ಅಕ್ಕ "ಸುದ್ದಿ ಹಾಕಿ ಮೇಡಂ" ಅಂದ್ಲು. ಎಲ್ರೂ ನಕ್ರು. ಮೇಡಂ "ಸುದ್ದಿ ಹಾಕೋಕೇ ಬಂದಿದೀನಿ" ಅಂದ್ರು.

ಅವ್ರು ಹೇಳಿದ್ದು ಇಷ್ಟು. ಬನಶಂಕರಿ, ಜಯನಗರ, ಜೆಪಿ ನಗರ, ಬಿಟಿಎಂ, ಈ ಕಡೆಯ ಕೆಲವು ಸಿಗ್ನಲ್ ಕಂಬಗಳಿಗೆ ಒಂದೊಂದು ಡಬ್ಬಿ ಕಟ್ಟಿದಾರೆ. ಬಿಳೀದು, ನಮ್ಮ ಟಿಫನ್ ಕ್ಯಾರಿಯರ್ ಅಷ್ಟಿರತ್ತೆ. ಕೆಲವು ಗಾಡಿಗಳಿಗೆ ಸ್ಕ್ರೀನ್ ಕೊಡ್ತಾರೆ. ಗಾಡಿ ಕಂಬದ ಹತ್ರ ಬಂದ ತಕ್ಷಣ ಡಬ್ಬಿ ಆ ಕಡೆ ರೋಡಿನ ಸುದ್ದಿನ ಸ್ಕ್ರೀನಿಗೆ ಕಳಿಸತ್ತೆ, ಗಾಡಿ ದಾಟಿ ಬಂದ ರೋಡಿನ ಸುದ್ದಿ ಸ್ಕ್ರೀನಿಂದ ಡಬ್ಬಿಗೆ ಹೋಗತ್ತೆ.

ನಾನು ಕೇಳ್ದೆ, "ಮೊಬೈಲಲ್ಲೇ ಬರಲ್ವಾ ಮೇಡಂ ಅದೆಲ್ಲಾ? ಡಬ್ಬಿ ಯಾಕೆ?"

"ಮೊಬೈಲು ದೂರದಲ್ಲಿರೋ ದೊಡ್ಡ ಕಂಪ್ಯೂಟರ್‌ನ ಕೇಳತ್ತೆ ಅಣ್ಣ. ಕೇಳಿ, ಉತ್ರ ಬರೋವಷ್ಟರಲ್ಲಿ ನೀವು ತಿರುವು ದಾಟ್ಬಿಟ್ಟಿರ್ತೀರ. ಎಲ್ರೂ ಒಟ್ಟಿಗೆ ಕೇಳಿದ್ರೆ ಇನ್ನೂ ಲೇಟು. ಅದಕ್ಕೆ ಈ ಏರಿಯಾದಲ್ಲಿ ಜನ ಜಾಸ್ತಿ ಏನು ಕೇಳ್ತಾರೋ ಅದನ್ನ ಮೊದ್ಲೇ ತಂದು ಕಂಬದಲ್ಲೇ ಇಟ್ಟಿರ್ತೀವಿ. ನೀವು ಬಿಟಿಎಂ ಕಡೆ ಹೋಗ್ತಿದೀರ ಅಂತ ಗೊತ್ತಾದ್ರೆ ಮುಂದಿನ ಕಂಬಕ್ಕೆ ನೀವು ಹೋಗೋ ಮುಂಚೇನೇ ಸುದ್ದಿ ಹೋಗಿ ಕೂತಿರತ್ತೆ."

ಅಕ್ಕ ಫ್ಲಾಸ್ಕ್ ಮುಚ್ಚಳ ತಿರುಗಿಸ್ತಾ "ಅಂದ್ರೆ ಇದೇ ಬಿಡಿ" ಅಂದ್ಲು. "ಒಬ್ಬೊಬ್ರು ಬಂದಾಗ್ಲೂ ಒಲೆ ಹಚ್ಚಿದ್ರೆ ಆಗತ್ತಾ? ಮಾಡಿ ತುಂಬಿಟ್ಟಿರ್ತೀನಿ, ಬಂದ ತಕ್ಷಣ ಬಗ್ಗಿಸ್ತೀನಿ."

"ಅದೇ ಅಕ್ಕ!" ಅಂದ್ರು ಮೇಡಂ. "ಆದ್ರೆ ಹಳೇದಾದ್ರೆ ಚೆಲ್ಬೇಕು. ಡಬ್ಬೀಲಿ ಜಾಗಾನೂ ಕಮ್ಮಿ. ಯಾವ್ದು ಇಟ್ಕೋಬೇಕು, ಯಾವ್ದು ಯಾವಾಗ ಎಸೀಬೇಕು, ಅದೇ ನಮ್ಮ ತಲೆನೋವು."

ನಾನು ಮರದ ಕಡೆ ನೋಡ್ದೆ. ಸ್ಲೇಟು ನೇತಾಡ್ತಾ ಇತ್ತು, ಎಂಟು ಲೈನು. ಅವ್ರು ಅದನ್ನ ನೋಡ್ಲೇ ಇಲ್ಲ. ನಾನೂ ತೋರಿಸ್ಲಿಲ್ಲ.

ನಮ್ಮ ಸ್ಟ್ಯಾಂಡಿಗೆ ಒಂದೇ ಸ್ಕ್ರೀನು. ರೋಡ್ ಚೆನ್ನಾಗಿ ಯಾರಿಗೆ ಗೊತ್ತು ಅಂತ ಕೇಳಿದ್ರು. ಹತ್ತು ಜನಾನೂ ನನ್ನ ಕಡೆ ಕೈ ತೋರಿಸಿದ್ರು, ಅವನೂ ಸೇರಿ. ನನ್ನ ಆಟೋಗೇ ಸ್ಕ್ರೀನ್ ಕಟ್ಟಿ ಟ್ರಯಲ್ ಹೋಗೋಣ ಅಂದ್ರು. ಮೇಡಂ ಹಿಂದೆ ಕೂತ್ರು, ಹೊರಟ್ವಿ. ಸ್ಕ್ರೀನ್ ಎಡಕ್ಕೆ ಅಂತು, ನಾನು ಬಲಕ್ಕೆ ಹೋದೆ. ಅದು ನೇರ ಅಂತು, ನಾನು ಸಂದಿಗೆ ತಿರುಗಿಸ್ದೆ. ಯಾಕಣ್ಣ ಅಂದ್ರು. "ಅದಕ್ಕೇನು ಗೊತ್ತು ಮೇಡಂ? ಆ ರೋಡಲ್ಲಿ ಈ ಹೊತ್ತಿಗೆ ಸ್ಕೂಲ್ ವ್ಯಾನ್‌ಗಳು ನಿಂತಿರ್ತವೆ" ಅಂದೆ. ಹೋಗಿ ನೋಡಿದ್ರೆ ನಿಂತಿದ್ವು. ನಾನೇ ಗೆದ್ದೆ ಅಂದ್ಕೊಂಡೆ. ವಾಪಸ್ ಬಂದು ಇಳಿದ್ಮೇಲೆ ಮೇಡಂ ನಗ್ತಾ "ಅಣ್ಣ, ನೀವು ಒಂದ್ಸಲಾನೂ ಇದ್ರ ಮುಖ ನೋಡ್ಲಿಲ್ಲ. ನೋಡೋರಿಗೆ ಕೊಟ್ರೆ ನಮ್ಗೆ ಇದು ಕೆಲ್ಸ ಮಾಡ್ತಾ ಇದ್ಯಾ ಇಲ್ವಾ ಅಂತ ಗೊತ್ತಾಗತ್ತೆ" ಅಂದ್ರು.

ಬಿಚ್ಚಿ ಅವನ ಆಟೋಗೆ ಕಟ್ಟಿದ್ರು. ಅವನು ಸ್ಪೆಲ್ಲಿಂಗ್ ಓದ್ಕೊಂಡು ಬಟನ್ ಒತ್ತಿದ. ಅಷ್ಟೇ, ಮುಗೀತು.

ಟ್ರಯಲ್ ಟೈಮಲ್ಲಿ ಅದು ನಂಗೆ ಬೇಡವಾಗಿತ್ತು. ಅವನ ಹ್ಯಾಂಡಲ್ ಪಕ್ಕ ಕೂತ ಮೇಲೆ ಬೇಕಾಯ್ತು. ಇದನ್ನ ಬೇರೆ ಯಾವ ಥರಾನೂ ಹೇಳಕ್ಕಾಗಲ್ಲ.

ಆಮೇಲಿಂದ ಸ್ಟ್ಯಾಂಡಲ್ಲಿ ಎಲ್ಲಾ ತಿರುಗಾಮುರುಗಾ. ಮೊದ್ಲು "ಮಗಾ, ಬನಶಂಕರಿ ಕಡೆ ಹೆಂಗಿದೆ?" ಅಂತ ನನ್ನ ಕೇಳ್ತಿದ್ದೋರು ಅವನ ಆಟೋ ಒಳಗೆ ತಲೆ ಹಾಕೋಕೆ ಶುರು ಮಾಡಿದ್ರು. "ಏನಂತೆ ಗುರು ನಿನ್ನ ಡಬ್ಬಿ?" ಅಂತ. ಅವನೂ ಒಳ್ಳೇ ನ್ಯೂಸ್ ಓದೋನ ಥರ ಗಂಟ್ಲು ಸರಿ ಮಾಡ್ಕೊಂಡು ಹೇಳೋನು. ಅವನೇನು ಜಂಬ ಮಾಡ್ಲಿಲ್ಲ. ಮಾಡಿದ್ರೆ ನಂಗೆ ಸುಲಭ ಆಗ್ತಿತ್ತು, ಎರಡು ಬೈದು ಬಿಡ್ತಿದ್ದೆ. ಅವನು ಮೊದ್ಲಿನ ಥರಾನೇ ಬಂದು "ಸಖತ್ ಐಟಮ್ ಕಣೋ ಇದು, ನೋಡು ಬಾ" ಅಂತ ಕರೀತಿದ್ದ. ನಾನು "ಆಮೇಲೆ ನೋಡ್ತೀನಿ" ಅಂತಿದ್ದೆ.

ನೋಡ್ತಿದ್ದೆ, ಅವನಿಲ್ದೇ ಇರುವಾಗ. ಅವನು ಉಚ್ಚೆಗೆ ಹೋದಾಗ ಅವನ ಆಟೋ ಪಕ್ಕ ನಿಂತು ಸ್ಕ್ರೀನ್ ನೋಡೋದು. ಅದ್ರಲ್ಲಿ ತಪ್ಪು ಹುಡುಕೋದು. ಒಂದು ದಿನ ಜಯನಗರ ಫೋರ್ತ್ ಬ್ಲಾಕ್ ಹತ್ರ ಮರ ಬಿದ್ದಿದ್ದು ನಂಗಿಂತ ಮುಂಚೆ ಅದಕ್ಕೆ ಗೊತ್ತಾಗಿತ್ತು. ಅವತ್ತು ಊಟ ಸೇರ್ಲಿಲ್ಲ. ಸಿಗ್ನಲಲ್ಲಿ ನಿಂತಾಗ ಕಂಬದ ಮೇಲಿರೋ ಬಿಳೀ ಡಬ್ಬಿನ ನೋಡಿ ಬೈತಿದ್ದೆ. ಒಂದು ಡಬ್ಬಿ ಮೇಲೆ ಹೊಟ್ಟೆಕಿಚ್ಚು ಪಟ್ಟಿದೀನಿ ನಾನು. ನಿಂತ್ಕೊಂಡಲ್ಲೇ ನಿಂತಿರತ್ತೆ, ಟೀ ಕುಡ್ಯಲ್ಲ, ಬೆನ್ನು ನೋಯಲ್ಲ, ಎಲ್ರೂ ಅದರ ಮಾತು ಕೇಳ್ತಾರೆ.

ಆದ್ರೂ ಅಂಕಲ್ ನನ್ನ ಆಟೋಗೇ ಬರ್ತಿದ್ರಲ್ಲ, ಅಂತ ಇದ್ದೆ.

ಒಂದು ಭಾನುವಾರ ಅಂಕಲ್ ಮಗಳು ಸ್ಟ್ಯಾಂಡಿಗೆ ಬಂದ್ರು. ಒಳ್ಳೇ ಹೆಂಗಸು, ಆಫೀಸಿಗೆ ಹೋಗ್ತಾರೆ, ಹಬ್ಬಕ್ಕೆ ನಂಗೆ ಒಬ್ಬಟ್ಟು ಕೊಟ್ಟಿದಾರೆ. "ಅಣ್ಣ, ಬೇಜಾರ್ ಮಾಡ್ಕೋಬೇಡಿ" ಅಂದ್ರು. ಅಷ್ಟು ಅಂದಾಗ್ಲೇ ಗೊತ್ತಾಯ್ತು. "ಅವ್ರ ಆಟೋದಲ್ಲಿ ಸ್ಕ್ರೀನ್ ಇದ್ಯಲ್ಲ, ಅಪ್ಪ ಎಲ್ಲಿದಾರೆ ಅಂತ ಆಫೀಸಲ್ಲಿ ಕೂತೇ ನೋಡ್ಬಹುದಂತೆ. ಒಂದು ವಾರ ಅದ್ರಲ್ಲಿ ಕಳಿಸಿ ನೋಡ್ತೀನಿ. ಅಪ್ಪಂಗೆ ನಾನೇ ಹೇಳಿದೀನಿ."

"ಆಯ್ತು ಮೇಡಂ" ಅಂದೆ. ಇನ್ನೇನು ಅನ್ಲಿ.

ಅವನು ನನ್ನ ಹತ್ರ ಬಂದು "ಮಗಾ, ನಾನು ಕೇಳಿದ್ದಲ್ಲ ಇದು. ನೀನು ಬೇಡ ಅಂದ್ರೆ ಹೋಗಲ್ಲ" ಅಂದ. "ಹೋಗು, ನಂಗೇನು" ಅಂದೆ. ಆಗ್ಲೇ ಬೇಡ ಅಂದಿದ್ರೆ ಮುಗ್ದಿರೋದು. ಅವನ ಹತ್ರ ಕೇಳ್ಕೊಳ್ಳೋದು ಅಂದ್ರೆ ನಂಗೆ ಪ್ರಾಣ ಹೋಗತ್ತೆ.

ಸೋಮವಾರ ಅವನ ಆಟೋ ಅಂಕಲ್ ಗೇಟ್ ಮುಂದೆ ನಿಂತಿತ್ತು. ಅಂಕಲ್ ಅಲ್ಲೇ ಹತ್ಕೊಂಡ್ರು. ಸ್ಲೇಟ್ ಹತ್ರ ಬರ್ಲೇ ಇಲ್ಲ. ಆಟೋ ಸ್ಟ್ಯಾಂಡ್ ಮುಂದೆ ಪಾಸಾದಾಗ ಅವ್ರು ಮುಂದಕ್ಕೆ ಬಗ್ಗಿ ಸ್ಕ್ರೀನ್ ನೋಡ್ತಾ ಏನೋ ಕೇಳ್ತಾ ಇದ್ರು. ಜೋರಾಗಿ ಓದ್ತಿದ್ರೋ ಏನೋ. ನಾನು ಅವತ್ತು ಆರು ಲೈನ್ ಬರ್ದಿದ್ದೆ.

ಬುಧವಾರ ಅಂದ್ರೆ ನಾನು ಮೊದ್ಲು ಹೇಳಿದ್ನಲ್ಲ, ಆ ದಿನ. ಅವನ ಆಟೋ ಸ್ಟ್ಯಾಂಡಲ್ಲೇ ಇತ್ತು, ಅಂಕಲ್ ನಡ್ಕೊಂಡು ಬಂದು ಹತ್ತಿದ್ರು. ತಿಲಕ್ ನಗರದಲ್ಲಿ ಪೈಪಿಗೆ ಅಂತ ಮೊದ್ಲೇ ಅಗ್ದಿದ್ದ ಗುಂಡಿನ ಹಿಂದಿನ ದಿನ ಮುಚ್ಚಿದ್ರು. ಅದಕ್ಕೆ ಡಬ್ಬೀಲಿ ಹಸಿರು. ನನ್ನ ಸ್ಲೇಟಲ್ಲಿ ಆ ಲೈನ್ ಇನ್ನೂ ಇರ್ಬೇಕಿತ್ತು, ಗುಡ್ಡೆ ಎತ್ತಿರ್ಲಿಲ್ಲ ಅಂತ ನಂಗೆ ಗೊತ್ತು. ಆದ್ರೆ ಸೋಮವಾರ ಸಾಯಂಕಾಲಾನೇ ನಾನು ಸ್ಲೇಟ್ ಪೂರ್ತಿ ಅಳಿಸ್ಬಿಟ್ಟಿದ್ದೆ. ಓದೋರೇ ಇಲ್ಲ, ಯಾರಿಗೆ ಬರೀಲಿ ಅಂತ. ಬುಧವಾರ ಬೆಳಿಗ್ಗೆ ಪೈಪಿನೋರು ಗುಂಡಿ ವಾಪಸ್ ತೆಗ್ದಿದ್ರು. ಡಬ್ಬಿಗೆ ಹೇಳೋಕೆ ಆ ಕಡೆ ಸ್ಕ್ರೀನ್ ಇರೋ ಗಾಡಿ ಯಾವ್ದೂ ಇನ್ನೂ ಹೋಗಿರ್ಲಿಲ್ಲ. ನಮ್ಮ ಸ್ಟ್ಯಾಂಡಲ್ಲಿ ನೋಡಿದ್ದು ನಾನೊಬ್ನೇ.

ಅಕ್ಕ ಗ್ಲಾಸು ಕೊಡುವಾಗ ಒಂದು ಕ್ಷಣ ಕೈ ಹಿಡ್ದು ನಿಲ್ಸಿದ್ಲು. "ಏನೂ ಇಲ್ವಾ?" ಅಂದ್ಲು. ನಾನು ಗ್ಲಾಸ್ ಎಳ್ಕೊಂಡೆ.

ಅವನು ಹೋದ್ಮೇಲೆ ಅರ್ಧ ಗಂಟೆ ನಂಗೆ ಖುಷಿಯಾಗಿತ್ತು. ಸುಳ್ಳು ಯಾಕೆ ಹೇಳ್ಲಿ. ಸ್ಕ್ರೀನ್ ಸೋತಿದ್ದನ್ನ ಕಣ್ಣಾರೆ ನೋಡ್ಬೇಕು ಅನ್ನಿಸ್ತು. ಗಿರಾಕಿ ಬಂದ್ರು, ಬರಲ್ಲ ಅಂದೆ. ಆಟೋ ತಗೊಂಡು ನೈನ್ತ್ ಬ್ಲಾಕ್ ಮೇಲೆ ಸುತ್ತಾಕ್ಕೊಂಡು ತಿಲಕ್ ನಗರದ ಆ ರೋಡಿನ ಇನ್ನೊಂದು ತುದಿಗೆ ಹೋಗಿ ನಿಂತೆ.

ಧೂಳು, ಹಾರನ್ನು, ಬೈಗುಳ. ಟ್ಯಾಂಕರ್ ಹಿಂದೆ ಗಾಡಿಗಳ ಸಾಲು. ಅವನ ಆಟೋ ಎಲ್ಲಿದೆ ಅಂತ ಕತ್ತೆತ್ತಿ ಹುಡುಕ್ತಾ ಇದ್ದೆ. ಆಗ ಮಣ್ಣಿನ ಗುಡ್ಡೆ ಪಕ್ಕದಿಂದ ಇಬ್ರು ನಡ್ಕೊಂಡು ಬಂದ್ರು. ಅವನು ಅಂಕಲ್‌ನ ರಟ್ಟೆ ಹಿಡ್ಕೊಂಡಿದ್ದ. ಫೈಲು ಅವನ ಕಂಕುಳಲ್ಲಿ. ಅಂಕಲ್ ಪೈಪ್ ಮೇಲೆ ಕಾಲು ಎತ್ತಿ ಇಡಕ್ಕಾಗ್ದೆ ನಿಂತ್ಬಿಟ್ರು. ಅವನು ಬಗ್ಗಿ ಅವ್ರ ಪಾದ ಕೈಲಿ ಹಿಡ್ದು ಎತ್ತಿ ಈ ಕಡೆ ಇಟ್ಟ. ಚಪ್ಪಲಿ ಒಂದು ಮಣ್ಣಲ್ಲೇ ಉಳೀತು. ಅವ್ರ ಕಾಲು ಊದ್ಕೊಂಡಿತ್ತು, ಅಷ್ಟು ದೂರದಿಂದ ಕಾಣ್ತಿತ್ತು.

ನಂಗೆ ಓಡಿ ಹೋಗ್ಬೇಕು ಅನ್ನಿಸ್ತು, ಅವ್ರ ಕಡೆಗೋ ಬೇರೆ ಕಡೆಗೋ ಗೊತ್ತಾಗ್ಲಿಲ್ಲ. ಅಷ್ಟ್ರಲ್ಲಿ ಅವನು ನನ್ನ ಆಟೋ ನೋಡ್ದ.

"ಮಗಾ! ದೇವ್ರು ಬಂದಂಗೆ ಬಂದೆ ಕಣೋ. ಬೇಗ ಕರ್ಕೊಂಡು ಹೋಗು, ಹನ್ನೊಂದಾಗೋಯ್ತು" ಅಂತ ಅಂಕಲ್‌ನ ಹತ್ಸಿ, ಫೈಲ್ ಕೊಟ್ಟ. ಆಮೇಲೆ ಒಂದು ಹೆಜ್ಜೆ ಹಿಂದೆ ಇಟ್ಟು ನನ್ನ ಮುಖ ನೋಡ್ದ. ನಿಧಾನಕ್ಕೆ ಕೇಳ್ದ, "ನೀನು ಇಲ್ಲಿಗ್ ಹೆಂಗ್ ಬಂದೆ?"

ನಾನು ಹ್ಯಾಂಡಲ್ ಕಡೆ ತಿರುಗ್ದೆ.

"ಬೆಳಿಗ್ಗೆ ಈ ಕಡೆಯಿಂದ ಬಂದಿದ್ಯಾ?"

ಆಟೋ ಎತ್ತಿದೆ. ಕನ್ನಡೀಲಿ ನೋಡಿದ್ರೆ ಅವನು ಅಲ್ಲೇ ನಿಂತಿದ್ದ, ಪ್ಯಾಂಟೆಲ್ಲ ಮಣ್ಣು, ಇಸ್ತ್ರಿ ಶರ್ಟಿಗೂ ಮಣ್ಣು.

ಸ್ವಲ್ಪ ದೂರ ಹೋದ್ಮೇಲೆ ಹಿಂದಿನಿಂದ ಅಂಕಲ್ ಮಾತಾಡಿದ್ರು. ಉಸಿರು ಎಳೀತಾ ಇತ್ತು. "ರೋಡ್ ಅಗ್ದಿದಾರೆ ಅಂತ ನಿಂಗೆ ಗೊತ್ತಿತ್ತಾ?"

"ಗೊತ್ತಿತ್ತು ಅಂಕಲ್."

"ಟೀ ಕುಡೀತಿದ್ದೆ ನೀನು. ನಾನು ನೋಡ್ದೆ. ನೀನು ಟೀ ಕುಡೀತಿದೀಯಲ್ಲ ಅಂತಾನೇ ನಾನು ಧೈರ್ಯವಾಗಿ ಹತ್ತಿದ್ದು. ಸ್ಕ್ರೀನ್ ನೋಡಿ ಅಲ್ಲ ಕಣಯ್ಯ."

ಆಸ್ಪತ್ರೆವರ್ಗೂ ಅವ್ರು ಹೊರಗೆ ರೋಡ್ ನೋಡ್ತಾ ಕೂತಿದ್ರು.

ಹನ್ನೊಂದೂ ಇಪ್ಪತ್ತಾಗಿತ್ತು. ಮಿಷಿನ್ ಬೇರೆಯೋರಿಗೆ ಕೊಟ್ಟಿದ್ರು. ನರ್ಸಮ್ಮ "ಮೂರು ಗಂಟೆ ಶಿಫ್ಟಿಗೆ ಹಾಕ್ತೀನಿ ಅಂಕಲ್, ಕೂತ್ಕೊಳ್ಳಿ" ಅಂದ್ರು. ಅಂಕಲ್ ಕಬ್ಬಿಣದ ಕುರ್ಚೀಲಿ ಕೂತ್ರು, ಒಂದು ಕಾಲಲ್ಲಿ ಚಪ್ಪಲಿ ಇಲ್ದೆ. ನಾನು ಹೊರಗೆ ಹೋಗಿ ಒಂದು ಜೊತೆ ಹವಾಯಿ ಚಪ್ಪಲಿ ತಂದು ಅವ್ರ ಕಾಲ ಹತ್ರ ಇಟ್ಟೆ. ಹಾಕ್ಕೊಂಡ್ರು. ಥ್ಯಾಂಕ್ಸ್ ಅನ್ಲಿಲ್ಲ. ಮೂರು ಗಂಟೆವರ್ಗೂ ನಾನು ಕಾರಿಡಾರಲ್ಲೇ ನಿಂತಿದ್ದೆ. ಎರಡೂವರೆ ವರ್ಷದಲ್ಲಿ ಅವತ್ತೊಂದು ದಿನ ಮಿಷಿನ್ ತಪ್ಪಿತು. ಅವ್ರು ಕೂತಿದ್ದು ಅವನ ಆಟೋದಲ್ಲಿ, ತಪ್ಪಿಸಿದ್ದು ನಾನು.

ಮಾರನೇ ದಿನ ಸ್ಟ್ಯಾಂಡಿಗೆ ಹೋದೆ. ಎಲ್ರಿಗೂ ಗೊತ್ತಾಗಿತ್ತು. ಯಾರೂ ಬೈಲಿಲ್ಲ. ಅಕ್ಕ ಮಾತ್ರ ನಾನು ಕೈ ಚಾಚಿದಾಗ ಗ್ಲಾಸು ಕೊಡ್ದೆ, "ಸುದ್ದಿ?" ಅಂದ್ಲು. "ಇಲ್ಲ ಅಕ್ಕ, ಮನೆಯಿಂದ ಈಗ ಬಂದೆ" ಅಂದೆ. "ನಿನ್ನ ಮಾತು ಹೆಂಗಪ್ಪ ನಂಬೋದು ಈಗ" ಅಂತ ಗ್ಲಾಸನ್ನ ಗಾಡಿ ಮೇಲೆ ಇಟ್ಲು. ಕೈಗೆ ಕೊಡ್ಲಿಲ್ಲ.

ಆ ವಾರಾನೇ ಇಂಜಿನಿಯರ್ ಮೇಡಂ ಬಂದ್ರು. ಡಬ್ಬಿ ಯಾಕೆ ಹಸಿರು ತೋರಿಸ್ತು ಅಂತ ಕೇಳೋಕೆ. ಅವನು ನನ್ನ ಹೆಸ್ರು ಹೇಳ್ತಾನೆ ಅಂತ ಕಾಯ್ತಿದ್ದೆ. ಅವನು "ಗುಂಡಿ ಮುಚ್ಚಿ ವಾಪಸ್ ತೆಗ್ದಿದಾರೆ ಮೇಡಂ, ಡಬ್ಬಿಗೆ ಗೊತ್ತಾಗಿಲ್ಲ" ಅಂದ, ಅಷ್ಟೇ. ಅದು ನಂಗೆ ಏಟು ತಿಂದಂಗಾಯ್ತು. ಒಳ್ಳೇತನದಲ್ಲೂ ಇವನೇ ಮುಂದೆ ಇರ್ಬೇಕಾ ಅಂತ ಹೊಟ್ಟೆ ಉರೀತು.

"ಮುಚ್ಚಿದ ಮೇಲೆ ಎಷ್ಟು ಹೊತ್ತು ಆ ಸುದ್ದಿನ ಇಟ್ಕೋಬೇಕಿತ್ತು ಅಂತ ನಮ್ಗೆ ಹೆಂಗೆ ಗೊತ್ತಾಗ್ಬೇಕು?" ಅಂದ್ರು ಮೇಡಂ, ಅವ್ರಿಗವ್ರೇ ಹೇಳ್ಕೊಂಡಂಗೆ.

"ಮಣ್ಣಿನ ಗುಡ್ಡೆ ಎತ್ತೋವರ್ಗೂ" ಅಂದೆ ನಾನು. ಬಾಯಿಂದ ಬಂದ್ಬಿಡ್ತು.

ಮೇಡಂ ತಿರುಗಿದ್ರು. ಆಗ ಅವನು ಕೈ ತೋರಿಸ್ದ, ಮರದ ಕಡೆ. ಖಾಲಿ ಸ್ಲೇಟು. "ಮೇಡಂ, ಇವನ ಹತ್ರ ಎಲ್ಲಾದಕ್ಕೂ ಲೆಕ್ಕ ಇದೆ. ಕೇಳಿ" ಅಂದ.

ಕೇಳಿದ್ರು. ಮೆರವಣಿಗೆಗೆ ಎಷ್ಟು ಹೊತ್ತು, ನೀರಿಗೆ ಎಷ್ಟು, ಕೊಂಬೆಗೆ ಎಷ್ಟು. ಶಾಮಿಯಾನಕ್ಕೆ ಎಷ್ಟು, ಮದುವೆದು ಬೇರೆ, ಸಾವಿಂದು ಬೇರೆ. ಎಲ್ಲಾ ಹೇಳ್ದೆ. ಲ್ಯಾಪ್‌ಟಾಪ್ ಅಕ್ಕನ ಗಾಡಿ ಮೇಲೆ ಇಟ್ಕೊಂಡು ಒಂದು ಗಂಟೆ ಬರ್ಕೊಂಡ್ರು. ಹೋಗುವಾಗ "ಇದನ್ನೆಲ್ಲಾ ಹಾಕ್ತೀವಿ ಅಣ್ಣ" ಅಂದ್ರು. ನಂಗೊಂದು ಸ್ಕ್ರೀನ್ ಕೊಡ್ತಾರೇನೋ ಅಂತ ನೋಡ್ತಾ ಇದ್ದೆ. ಕೊಡ್ಲಿಲ್ಲ. ನಾನೂ ಕೇಳ್ಲಿಲ್ಲ.

ಈಗ ಅವನ ಸ್ಕ್ರೀನಲ್ಲಿ ರೋಡ್ ಹಸಿರಾಗೋಕೆ ಮುಂಚೆ ಕನ್ನಡದಲ್ಲಿ ಒಂದು ಪ್ರಶ್ನೆ ಬರತ್ತೆ. "ಮಣ್ಣಿನ ಗುಡ್ಡೆ ಇನ್ನೂ ಇದ್ಯಾ?" ನಾನು ಹೇಳಿದ ಮಾತು ಹಂಗಂಗೇ. ಇದೆ ಅಂತ ಒತ್ತಿದ್ರೆ ಡಬ್ಬಿ ಆ ಸುದ್ದಿನ ಎಸೆಯಲ್ಲ. ನನ್ನ ಮಾತು, ಅವನ ಸ್ಕ್ರೀನು. ಅದನ್ನ ನೋಡಿದ ದಿನ ನಂಗೆ ನನ್ನ ಮೇಲೇ ಹೊಟ್ಟೆಕಿಚ್ಚಾಯ್ತು.

ಅಂಕಲ್ ಅವನ ಆಟೋದಲ್ಲೇ ಹೋಗ್ತಾರೆ. ವಾಪಸ್ ನನ್ನ ಹತ್ರ ಬರ್ಲಿಲ್ಲ, ಕರೀಲೂ ಇಲ್ಲ. ಸೋಮವಾರ, ಬುಧವಾರ, ಶುಕ್ರವಾರ ಹತ್ತು ಗಂಟೆ ದಾಟಿದ ಮೇಲೆ ಅವನು ಸ್ಟ್ಯಾಂಡ್ ಮುಂದೆ ಆಟೋ ನಿಲ್ಲಿಸ್ತಾನೆ. ಸ್ಕ್ರೀನ್ ಎದುರಿಗೇ ಇದ್ರೂ ತಲೆ ಹೊರಗೆ ಹಾಕಿ ಕೇಳ್ತಾನೆ, "ಮಗಾ, ತಿಲಕ್ ನಗರ ಹೆಂಗಿದೆ?" ಹಿಂದೆ ಅಂಕಲ್ ಕೂತಿರ್ತಾರೆ. ನನ್ನ ಮುಖ ನೋಡಲ್ಲ. ನನ್ನ ಕೈ ನೋಡ್ತಾರೆ, ಗ್ಲಾಸ್ ಇದ್ಯಾ ಅಂತ.

ಗ್ಲಾಸ್ ಕೆಳಗಿಟ್ಟು ಹೇಳ್ತೀನಿ. ಹೊಟ್ಟೆ ಉರ್ಕೊಂಡೇ ಹೇಳ್ತೀನಿ, ಆದ್ರೆ ಇದ್ದಿದ್ದು ಇದ್ದ ಹಾಗೆ. ಅವರು ಹೋದ್ಮೇಲೆ ಸ್ಲೇಟಲ್ಲಿ ಬರೀತೀನಿ. ಆಮೇಲೆ ಟೀ, ಅಷ್ಟೊತ್ತಿಗೆ ಆರಿರತ್ತೆ.

ಅಷ್ಟೇ. ಇನ್ನು ನಂಗೆ ಹೇಳಕ್ಕೇನಿಲ್ಲ.